ದೇಸಾಯರ ಮೋಟಾರಿನ ಮೂರು ಸಾಮಾನು

1974ನೇ ಇಸವಿ ಏಪ್ರಿಲ್ 26, ಶುಕ್ರವಾರ ಬೆಳಿಗ್ಗೆ 10.20ಕ್ಕೆ ಇಂಡಿ ತಾಲೂಕಿನ ಒಂದು ಠಾಣೆಗೆ ಫಿರ್ಯಾದಿಯೊಬ್ಬ ಬಂದ. ಠಾಣೆಯ ಹೆಸರು ಬೇಡ. ಆ ದಿನದ ಬಿಸಿಲು ಎಂಥದ್ದೆಂದರೆ, ಅಂಗಳದ ಬೇವಿನ ಮರದ ನೆರಳೂ ತಾಳಲಾರದೆ ಒಳಗೆ ಬಂದು ಬೆಂಚಿನ ಮೇಲೆ ಕೂತಿತ್ತು.

ಠಾಣೆಯ ಫೌಜದಾರ ರೇವಣಪ್ಪ ಹೊನ್ನಳ್ಳಿ. ಇವರು ಒಮ್ಮೆ ಕೆಮ್ಮಿದರೆ ಇಂಡಿಯ ಕಳ್ಳರು ಸಿಂದಗಿಗೆ ಓಡುತ್ತಿದ್ದರು, ಸಿಂದಗಿಯವರು ಮುದ್ದೇಬಿಹಾಳಕ್ಕೆ, ಮುದ್ದೇಬಿಹಾಳದವರು ಬಸವನ ಬಾಗೇವಾಡಿಗೆ. ಬಾಗೇವಾಡಿಯ ಕಳ್ಳರಿಗೆ ಮುಂದೆ ಓಡಲು ಜಾಗವಿಲ್ಲದೆ ಅವರು ಕಸುಬನ್ನೇ ಬಿಟ್ಟಿದ್ದರು. ಫೌಜದಾರರ ತನಿಖೆಯ ಗುಟ್ಟು ಒಂದೇ: ವಿಚಾರಣೆ ಶುರುವಾಯಿತೆಂದರೆ ಅವರ ಪ್ರಶ್ನೆಗೆ ಹೌದು ಅಥವಾ ಇಲ್ಲ ಎಂದಷ್ಟೇ ಉತ್ತರ ಕೊಡಬೇಕು. ಮೂರನೆಯ ಶಬ್ದ ಬಾಯಿಂದ ಬಂದರೆ ಅವರ ಬೆತ್ತ ಮೇಜಿನ ಮೇಲೆ ಬೀಳುತ್ತಿತ್ತು. ಈ ಪದ್ಧತಿಯಿಂದ ಅವರು ಹದಿನಾಲ್ಕು ನಿಮಿಷಕ್ಕೆ ಒಂದು ಪ್ರಕರಣ ಬಗೆಹರಿಸುತ್ತಿದ್ದರೆಂದು ಅವರೇ ಹೇಳುತ್ತಿದ್ದರು.

ಬಂದವನು ಮಾವಿನಳಗಿಯ ಯಂಕಪ್ಪ, ಅದೇ ಊರಿನ ಸಾಲಿಮಾಸ್ತರ. ವಯಸ್ಸು ನಲವತ್ತೆಂಟು. ಊರ ಹಿಂಭಾಗದ ಓಣಿಯವನು. 1956ರಲ್ಲಿ ಆ ಓಣಿಗೆ ಓಣಿಯೇ ಬೌದ್ಧ ದೀಕ್ಷೆ ತೆಗೆದುಕೊಂಡಿತ್ತು. ಬಗಲಲ್ಲಿ ಛತ್ರಿ, ಕೈಯಲ್ಲಿ ಬಟ್ಟೆಯ ಚೀಲ.

"ನಿಂದೇನ ಕಳದೈತಿ?" ಎಂದರು ಫೌಜದಾರರು.

"ನಂದೇನೂ ಇಲ್ರಿ ಸಾಹೇಬ್ರ. ನಮ್ಮೂರ ಬಸಂತರಾಯ ದೇಸಾಯರ ಕಾರಿನ ಸಾಮಾನು ಕಳವಾಗ್ಯಾವ್ರಿ."

"ಹಂಗಾದ್ರ ದೇಸಾಯರ ಬರಬೇಕಿತ್ತು. ನಿನಗ್ಯಾಕ ಉಸಾಬರಿ?"

"ಮೇ ಆರಕ್ಕ ನನ್ನ ಮಗಳ ಲಗ್ನ ಐತ್ರಿ. ನನಗ ಆ ಕಾರು ಬೇಕಾಗೇತಿ."

ಆ ಕಾರಿನ ಬಗ್ಗೆ ಎರಡು ಮಾತು ಹೇಳದಿದ್ದರೆ ಪಾಪ ಬರುತ್ತದೆ. ಅದು 1935ರ ವಿಲಾಯತಿ ಆಸ್ಟಿನ್. ಇಂಡಿಯಿಂದ ಮುದ್ದೇಬಿಹಾಳದ ತನಕ ಅದನ್ನು ಹತ್ತದೆ ಮದುಮಗನಾದವನಿಲ್ಲ. ಹತ್ತದವನ ಲಗ್ನವನ್ನು ಲಗ್ನವೆಂದು ಯಾರೂ ಒಪ್ಪಿದ್ದಿಲ್ಲ. ಮೆರವಣಿಗೆಗೆಂದೇ ಅದಕ್ಕೆ ರಬ್ಬರ್ ಬುರುಡೆಯ ಹಾರ್ನ್ ಕೂರಿಸಿದ್ದರು. ಮಾವಿನಳಗಿಯಲ್ಲಿ ಅದನ್ನು ಒತ್ತಿದರೆ ಕೃಷ್ಣೆಯ ದಂಡೆಯ ತಂಗಡಗಿಯಲ್ಲಿ ಎಮ್ಮೆಗಳು ಹಗ್ಗ ಹರಿಯುತ್ತಿದ್ದವು. ಬಾಡಿಗೆ ಕೊಟ್ಟವರ ಮನೆಗೆ ಕಾರು ಹೋಗುತ್ತಿತ್ತು. ಹೆಣ್ಣಿನವರು ವರನನ್ನು ಊರ ಅಗಸಿಯಲ್ಲಿ, ಅಂದರೆ ಊರ ಹೆಬ್ಬಾಗಿಲಲ್ಲಿ, ಎದುರುಗೊಂಡು ಕಾರಿನಲ್ಲಿ ಕೂರಿಸಿ ದೊಡ್ಡ ಬೀದಿಯಲ್ಲಿ ಕರೆತರುತ್ತಿದ್ದರು. ಯಂಕಪ್ಪನ ಓಣಿಯ ಮೆರವಣಿಗೆಗಳು ಮಾತ್ರ ಅಗಸಿಯೊಳಗೆ ಬರುತ್ತಿರಲಿಲ್ಲ. ಅವು ಹಳ್ಳದ ಬದಿಯ ಹಿತ್ತಲ ದಾರಿ ಹಿಡಿಯುತ್ತಿದ್ದವು. ಮಗಳು ಸುಂದರವ್ವ ಆ ದಾರಿಯಲ್ಲಿ ಲಗ್ನವಾಗಬಾರದು ಎಂಬುದೊಂದೇ ಮಾಸ್ತರನ ಆಸೆ.

ಯಂಕಪ್ಪ ಚೀಲದ ಬಾಯಿ ಬಿಚ್ಚಿ ಏನನ್ನೋ ತೋರಿಸಲು ಹೋದ. ಬೆತ್ತ ಮೇಜಿನ ಮೇಲೆ ಬಿತ್ತು.

"ಚೀಲ ಮುಚ್ಚು. ಸಾಮಾನು ಕಳವಾಗ್ಯಾವೋ ಇಲ್ಲೋ?"

"ಆಗ್ಯಾವಂತ ದೇಸಾಯರ ಹೇಳ್ಯಾರ್ರಿ, ಆದ್ರ..."

"ಆದ್ರ ಗೀದ್ರ ಬ್ಯಾಡ. ಹೌದೋ ಇಲ್ಲೋ?"

"ಹೌದ್ರಿ."

ಪರರ ಸೊತ್ತಿಗೆ ಪರರು ಫಿರ್ಯಾದು ಕೊಡಬಹುದೇ ಎಂಬ ಪ್ರಶ್ನೆ ಎದ್ದಿತು. ಹೊಸ ದಂಡ ಪ್ರಕ್ರಿಯಾ ಸಂಹಿತೆ ಜಾರಿಗೆ ಬಂದು ಇಪ್ಪತ್ತಾರು ದಿನವಾಗಿತ್ತು. ಜಮಾದಾರ ಧೂಳಪ್ಪ ಅದರ ಹಾಳೆಗಳನ್ನು ಉಗುಳು ಹಚ್ಚಿ ತಿರುವಿ, ಕಳವಿನ ವರ್ತಮಾನ ಯಾರು ಕೊಟ್ಟರೂ ಬರೆದುಕೊಳ್ಳಲೇಬೇಕು ಎಂದ. 10.55ಕ್ಕೆ ಎಫ್‌ಐಆರ್ ದಾಖಲಾಯಿತು: ಗುನ್ನೆ ನಂಬರ 31/74, ಕಲಂ 379. ಕಳವಾದ ಮಾಲು: ರೋಟರ್ ಒಂದು, ಹಾರ್ನಿನ ರಬ್ಬರ್ ಬುರುಡೆ ಒಂದು, ರೇಡಿಯೇಟರಿನ ಹಿತ್ತಾಳೆ ಮುಚ್ಚಳ ಒಂದು. ರೋಟರ್ ಎಂದರೆ ಹೆಬ್ಬೆರಳ ಗಾತ್ರದ ಕರೀ ತುಂಡು. ಎಂಜಿನ್ನಿನ ಕಿಡಿಯನ್ನು ಹಂಚುವುದು ಅದೇ. ಅದನ್ನು ತೆಗೆದು ಕಿಸೆಗೆ ಹಾಕಿಕೊಂಡರೆ ಸಾಕು, ಕಾರನ್ನು ಆನೆ ನೂಕಿದರೂ ಎಂಜಿನ್ ಗುಟುಕು ಅನ್ನುವುದಿಲ್ಲ.

ಏಪ್ರಿಲ್ 27, ಶನಿವಾರ ಬೆಳಿಗ್ಗೆ 9ಕ್ಕೆ ಮಾವಿನಳಗಿಯ ದೇಸಾಯರ ವಾಡೆಯಲ್ಲಿ ಸ್ಥಳ ಪಂಚನಾಮೆ ನಡೆಯಿತು. ಪೊಲೀಸರು ಬಾಗಿಲಿಗೆ ಬಂದದ್ದು ಕಂಡು ಬಸಂತರಾಯ ದೇಸಾಯರ ರುಮಾಲು ಬೆವರಿನಿಂದ ತೊಯ್ದಿತು. ಅರವತ್ತರ ಹಿರಿಯರು, ಸಣ್ಣ ದನಿಯವರು. ಚಹಾ ತರಿಸಿದರು. ಇಷ್ಟು ಸಣ್ಣ ಮಾತಿಗೆ ಫೌಜದಾರರು ದಣಿಯಬಾರದಿತ್ತು ಎಂದು ಮೂರು ಸಲ ಹೇಳಿದರು. ಕಳವಾಗಿದೆಯೋ ಇಲ್ಲವೋ ಎಂದು ಕೇಳಿದಾಗ ಮೊದಲು ಡ್ರೈವರ ಅಮೀನುದ್ದೀನನ ಕಡೆ, ಆಮೇಲೆ ನೆಲದ ಕಡೆ ನೋಡಿ ಹೌದು ಎಂದರು. ಹೇಳಿಕೆ ಮುಗಿಯಿತು.

ಪಂಚನಾಮೆ ಬರೆದವನು ಕಾನ್‌ಸ್ಟೆಬಲ್ ಇಸಾಕ. ಕಾರು ನಿಲ್ಲಿಸುವ ಕೊಟ್ಟಿಗೆಯ ಕೀಲಿ ಒಡೆದಿಲ್ಲ. ಬಾನೆಟ್ಟಿನ ಪಟ್ಟಿ ಬಿಗಿದಂತೆಯೇ ಇದೆ. ಒಳಗೆ ಎಲ್ಲ ಕಡೆ ಬೆರಳು ದಪ್ಪ ಧೂಳು. ರೋಟರ್ ಇದ್ದ ಡಬ್ಬಿಯನ್ನು ಮಾತ್ರ ಬಟ್ಟೆಯಿಂದ ಒರೆಸಿ, ಮುಚ್ಚಿ, ಕ್ಲಿಪ್ಪು ಹಾಕಿದ್ದಾರೆ. ಕದ್ದವನು ಒರೆಸಿಟ್ಟು ಹೋಗುತ್ತಾನೇನು ಎಂದು ಇಸಾಕ ಮೆಲ್ಲಗೆ ಕೇಳಿದ. ಬರೆಯುವುದು ಅವನ ಕೆಲಸ, ವಿಚಾರ ಮಾಡುವುದು ತಮ್ಮ ಕೆಲಸ ಎಂದು ಫೌಜದಾರರು ಹೇಳಿದರು. ಅಷ್ಟರಲ್ಲೇ ಅವರ ತಲೆಯಲ್ಲಿ ಸೊಲ್ಲಾಪುರದಿಂದ ವಿಲಾಯತಿಯ ತನಕ ಹಬ್ಬಿದ ಒಂದು ಗ್ಯಾಂಗು ಸಿದ್ಧವಾಗಿತ್ತು. ಇಂಡಿಯ ಬಸ್ ಸ್ಟ್ಯಾಂಡಿನಲ್ಲಿ ಅವರೇ ಅದನ್ನು ನಾಲ್ಕು ಜನರ ಮುಂದೆ ವರ್ಣಿಸಿದರು. ಸಂಜೆಗೆ ಆ ಗ್ಯಾಂಗಿಗೆ ಪಿಸ್ತೂಲು ಕೂಡ ಬಂದಿತ್ತು.

ಸೋಮವಾರ, 29ರಂದು ಸಿಂದಗಿ. ಅಲ್ಲಿನ ಗುಜರಿ ಅಂಗಡಿಯ ಹಜರಾಬಿ ಹಳೇ ಕಬ್ಬಿಣದ ಗುಡ್ಡದ ಮೇಲೆ ಕೂತೇ ಮಾತಾಡಿದಳು.

"ಕಾರಿನ ರೋಟರ್ ವಿಚಾರಕ್ಕ ಯಾರರೆ ಬಂದಿದ್ರೇನು?"

"ಬಂದಿದ್ದ ಒಬ್ಬಾವ. ತೆಳ್ಳಗ, ಛತ್ರಿ ಹಿಡಕೊಂಡು, ಚೀಲ ತಗೊಂಡು. ಪಾಪ ಆ ಮನಿಶಾ..."

"ಪಾಪ ಗೀಪ ಬ್ಯಾಡ. ಬಂದಿದ್ನೋ ಇಲ್ಲೋ?"

"ಬಂದಿದ್ದ ಅಂತ ಹೇಳಿದ್ನಲ್ಲ. ಯಾಕ ಬಂದಿದ್ದ ಕೇಳಂಗಿಲ್ಲೇನು ಸಾಹೇಬ?"

ಕೇಳಲಿಲ್ಲ. ಫೌಜದಾರರು ಆಗಲೇ ಬಸ್ಸಿನ ಕಡೆ ಹೊರಟಿದ್ದರು. ಮಂಗಳವಾರ ಮುದ್ದೇಬಿಹಾಳದ ಗ್ಯಾರೇಜಿನಲ್ಲಿ ಹಾರ್ನಿನ ಬುರುಡೆಯ ವಿಚಾರಕ್ಕೆ ಅದೇ ಛತ್ರಿಯವನು ಬಂದಿದ್ದನೆಂದು ತಿಳಿಯಿತು. ಬುಧವಾರ ಬಸವನ ಬಾಗೇವಾಡಿಯ ಲೇಥ್ ಮಿಷನ್ನಿನವನೂ ಮುಚ್ಚಳದ ಮಾತಿಗೆ ಹೌದೆಂದ. ಛತ್ರಿ, ಚೀಲ, ತೆಳ್ಳನೆಯ ಆಳು. ಹಿಂದಿರುಗುವ ಬಸ್ಸಿನಲ್ಲಿ ಫೌಜದಾರರು ಇಸಾಕನ ತೊಡೆಗೆ ಹೊಡೆದು, ಕಳ್ಳ ತನ್ನ ಮೇಲೆ ಸಂಶಯ ಬಾರದಿರಲೆಂದು ತಾನೇ ಫಿರ್ಯಾದು ಕೊಟ್ಟಿದ್ದಾನೆ, ನಾಲ್ಕು ತಾಲೂಕು ಅಡ್ಡಾಡಿ ಮಾಲು ಮಾರಲು ನೋಡಿದ್ದಾನೆ, ಇಂಥ ಪತ್ತೆ ಮುಂಬಯಿ ಪೊಲೀಸರಿಂದಲೂ ಆಗದು ಎಂದರು.

ಮೇ 2, ಗುರುವಾರ ಬೆಳಿಗ್ಗೆ 9.30. ಯಂಕಪ್ಪ ಮನೆಯ ಮುಂದೆ ಲಗ್ನದ ಹಂದರಕ್ಕೆ ಗಳ ನಿಲ್ಲಿಸುತ್ತಿದ್ದ. ಹೆಂಡತಿ ಯಲ್ಲವ್ವ, ಮಗಳು ಸುಂದರವ್ವ, ಓಣಿಯ ಎಲ್ಲರೂ ನೋಡುತ್ತಿದ್ದಂತೆ ಧೂಳಪ್ಪ ಅವನ ಚೀಲ ಕಸಿದು ನೆಲಕ್ಕೆ ಸುರುವಿದ. ರೋಟರ್ ಬಿತ್ತು, ರಬ್ಬರ್ ಬುರುಡೆ ಬಿತ್ತು, ಹಿತ್ತಾಳೆ ಮುಚ್ಚಳ ಉರುಳಿ ಸುಂದರವ್ವನ ಕಾಲ ಬಳಿ ನಿಂತಿತು.

"ಇವು ನಿನ್ನ ಹತ್ರ ಇದ್ದವೋ ಇಲ್ಲೋ?"

"ಇದ್ದವ್ರಿ. ಅದನ್ನ ನಿಮಗ ಅವತ್ತ..."

"ಸಾಕು."

ಠಾಣೆಯಲ್ಲಿ ಅವನನ್ನು ಲಾಕಪ್ಪಿನ ಬಾಗಿಲ ಪಕ್ಕ ನೆಲದ ಮೇಲೆ ಕೂರಿಸಿದರು. ಬೆಂಚು ಖಾಲಿ ಇತ್ತು.

ಮಾಲು ಅದೇ ಕಾರಿನದೆಂದು ಪಂಚರ ಮುಂದೆ ಖಾತ್ರಿ ಮಾಡಬೇಕಿತ್ತು. ಮಧ್ಯಾಹ್ನ 1.40ಕ್ಕೆ ಯಂಕಪ್ಪನ ಕೈಗೆ ಹಗ್ಗ ಕಟ್ಟಿ ಮಾವಿನಳಗಿಗೆ ತಂದರು. ಮುಂದೆ ಜಮಾದಾರ, ಹಿಂದೆ ಫೌಜದಾರ, ಅವರ ಹಿಂದೆ ಅರ್ಧ ಊರು. ಅಗಸಿಯೊಳಗಿಂದ, ದೊಡ್ಡ ಬೀದಿಯಲ್ಲಿ, ಹಾಗೆಯೇ ಕರೆದೊಯ್ದರು. ಈ ಮೆರವಣಿಗೆಯನ್ನು ಉಬ್ಬಿಸಿ ಹೇಳಲು ನಾಲಿಗೆ ಏಳುವುದಿಲ್ಲ. ಅದು ಎಷ್ಟಿತ್ತೋ ಅಷ್ಟೇ ಸಾಕಷ್ಟಿತ್ತು.

ವಾಡೆಯ ಕೊಟ್ಟಿಗೆಯಲ್ಲಿ ಬಾನೆಟ್ಟು ತೆರೆದು ಇಸಾಕ ಚೀಲದ ರೋಟರನ್ನು ಕೂರಿಸಲು ನೋಡಿದ. ಕೂರಲಿಲ್ಲ. ಆಕಾರ ಹೆಚ್ಚುಕಡಿಮೆ ಅದೇ, ತೂತು ಮಾತ್ರ ಸಣ್ಣದು. ತೂತಿನ ಸುತ್ತ ಅರದಿಂದ ಉಜ್ಜಿದ ಗೆರೆಗಳಿದ್ದವು, ಹೊಸ ಗೆರೆಗಳು. ಮುಚ್ಚಳದ ಹಲ್ಲು ರೇಡಿಯೇಟರಿನ ಹಲ್ಲಿಗೆ ಕಚ್ಚಿತು. ಆದರೆ ಅದು ನಿನ್ನೆ ಮೊನ್ನೆ ಲೇಥಿನಿಂದ ಇಳಿದ ಹಿತ್ತಾಳೆ, ಚಿನ್ನದಂತೆ ಹೊಳೆಯುತ್ತಿತ್ತು. ಬುರುಡೆ ಲಾರಿಯದು.

"ಸಾಹೇಬ್ರ, ಇವು ಈ ಕಾರಿನವು ಅಲ್ರಿ," ಎಂದ ಇಸಾಕ.

ಫೌಜದಾರರಿಗೆ ಹೌದು ಇಲ್ಲ ಎರಡೂ ತೋಚಲಿಲ್ಲ. ಆ ಠಾಣೆಗೆ ಬಂದಂದಿನಿಂದ ಕೇಳದಿದ್ದ ಪ್ರಶ್ನೆಯೊಂದನ್ನು ಕೇಳಿದರು.

"ಏನ ಆತು ಹೇಳು."

ಯಂಕಪ್ಪ ಹೇಳಿದ. ಏಪ್ರಿಲ್ ಮೊದಲ ವಾರ ಬಾಡಿಗೆ ಮಾತಾಡಲು ವಾಡೆಗೆ ಬಂದಾಗ, ರೋಟರ್ ಕಳವಾಗಿದೆ, ಕಾರು ನಡೆಯುವುದಿಲ್ಲ ಎಂದು ದೇಸಾಯರು ಹೇಳಿದರು. ಸಾಲಿ ಬಿಟ್ಟಿತ್ತು, ಅವನು ಸಿಂದಗಿಗೆ ಹೋಗಿ ಹಜರಾಬಿಯ ಗುಡ್ಡವನ್ನು ಎರಡು ದಿನ ಕೆದರಿ ಒಂದು ರೋಟರ್ ತಂದ. ತಂದಾಗ ಹಾರ್ನಿನ ಬುರುಡೆಯೂ ಹೋಗಿದೆ ಎಂದರು. ಮುದ್ದೇಬಿಹಾಳದಿಂದ ಬುರುಡೆ ತಂದ. ಮುಚ್ಚಳವೂ ಇಲ್ಲ ಎಂದರು. ಬಸವನ ಬಾಗೇವಾಡಿಯಲ್ಲಿ ನಿಂತು ಮಾಡಿಸಿಕೊಂಡು ಬಂದ. ಕೊನೆಗೆ, ಬೇರೆ ಗಾಡಿಯ ಸಾಮಾನು ಈ ಕಾರಿಗೆ ಒಗ್ಗುವುದಿಲ್ಲ, ಅಸಲು ಸಾಮಾನೇ ಸಿಗಬೇಕು ಎಂದರು. ಅಸಲು ಸಾಮಾನು ಹುಡುಕುವವರು ಪೊಲೀಸರು. ಅದಕ್ಕೇ ಠಾಣೆಗೆ ಬಂದ. ಪೊಲೀಸರಿಗೂ ಸಿಗದಿದ್ದರೆ ಇರಲಿ ಎಂದು ದಿನಾಲು ಅರ ಹಿಡಿದು ರೋಟರಿನ ತೂತು ಉಜ್ಜುತ್ತಿದ್ದ.

"ದೇಸಾಯರ ಸುಳ್ಳು ಹೇಳ್ತಾರಂತ ನನ್ನ ಮನಸಿಗೆ ಬರಲಿಲ್ರಿ," ಎಂದ. "ಅವರ ಮೊಮ್ಮಗಳಿಗೆ ಅಕ್ಷರಾ ಕಲಿಸಿದಾವ ನಾನು."

ಇಸಾಕ ತಾನು ಬರೆದ ಪಂಚನಾಮೆಯ ಒಂದು ಸಾಲನ್ನು ಬೆರಳಿಟ್ಟು ತೋರಿಸಿದ: ಒರೆಸಿ, ಮುಚ್ಚಿ, ಕ್ಲಿಪ್ಪು ಹಾಕಿದ್ದಾರೆ. ಫೌಜದಾರರು ಓದಿ ತಲೆಯೆತ್ತಿದರು. ಇಪ್ಪತ್ತೆಂಟು ವರ್ಷ ಆ ಕಾರಿನ ಪ್ರತಿ ಸ್ಕ್ರೂ ಒರೆಸಿಟ್ಟ ಡ್ರೈವರ ಅಮೀನುದ್ದೀನ ಗೋಡೆಗೆ ಆತು ನಿಂತಿದ್ದ. ಅವನನ್ನು ಯಾರೂ ಏನೂ ಕೇಳಲಿಲ್ಲ. ತಾನೇ ಅಂಗಿಯ ಒಳಗಿಸೆಗೆ ಕೈ ಹಾಕಿ ಒಂದು ಬಟ್ಟೆಯ ಗಂಟು ತೆಗೆದ. ಅದರೊಳಗೆ ರೋಟರ್ ಇತ್ತು.

"ಆ ಓಣಿಯವರು ಕಾರು ಕೇಳಿದಾಗೆಲ್ಲಾ ಇದು ಕಳೀತೈತ್ರಿ," ಎಂದ. "ಧಣ್ಯಾರು ಹೇಳ್ತಾರ, ನಾ ತೆಗೀತೇನಿ. ಇದು ಮೂರನೇ ಸಲ. ಮೊದಲಿನವರು ಒಂದು ಸಾಮಾನಕ್ಕ ತಿರುಗಿ ಹೋದ್ರು. ಈ ಮಾಸ್ತರ್ರು ಹೋಗಲಿಲ್ಲ. ಪ್ರತಿ ಸಲ ತಂದು ನನ್ನ ಕೈಯಾಗ ಇಟ್ಟು, ಕೂಡತೈತೇನ ನೋಡ್ರಿ ಅಮೀನಣ್ಣ ಅನ್ನಾವ್ರು. ನನ್ನ ಕಿಸೇದಾಗ ಇದನ್ನ ಇಟ್ಕೊಂಡು ನಾ ಕೂಡಂಗಿಲ್ಲ ಅಂತಿದ್ದೆ."

ಬುರುಡೆ ಮತ್ತು ಮುಚ್ಚಳ ವಾಡೆಯ ಒಳಮನೆಯ ಕಪಾಟಿನಲ್ಲಿ ಸಿಕ್ಕವು. 3.15ಕ್ಕೆ ಜಪ್ತಿ ಪಂಚನಾಮೆಯಾಯಿತು. ಅಮೀನುದ್ದೀನ ಪಂಚರ ಮುಂದೆ ಮೂರನ್ನೂ ಅವುಗಳ ಜಾಗದಲ್ಲಿ ಕೂರಿಸಿ ಹ್ಯಾಂಡಲ್ ತಿರುವಿದ. ಒಂದೇ ಸುತ್ತಿಗೆ ಎಂಜಿನ್ ಶುರುವಾಯಿತು. ಅಂಥ ಸವಿ ಸದ್ದಿನ ಎಂಜಿನ್ ನಾಲ್ಕು ತಾಲೂಕಿನಲ್ಲಿ ಇನ್ನೊಂದಿರಲಿಲ್ಲ. ಇದು ಮಾತ್ರ ನಿಜ. ಅದನ್ನು ಕೇಳುತ್ತ ಎಲ್ಲರೂ ನೆಲ ನೋಡುತ್ತಿದ್ದರು. ಇಸಾಕ ಮಾಸ್ತರನ ಕೈಯ ಹಗ್ಗ ಬಿಚ್ಚಿದ. ದೇಸಾಯರು ಒಳಮನೆಯಿಂದ ಹೊರಗೆ ಬರಲೇ ಇಲ್ಲ.

ಮೇ 3, ಶುಕ್ರವಾರ. ಬೆಳಿಗ್ಗೆ 8ಕ್ಕೆ ಫೌಜದಾರರು ತಾವೇ ಯಂಕಪ್ಪನ ಮನೆಗೆ ಹೋದರು. ಗಳಗಳು ನಿನ್ನೆ ಬಿದ್ದಲ್ಲೇ ಬಿದ್ದಿದ್ದವು. ದೇಸಾಯರು ಹಿಂದಿನ ಸಂಜೆಯೇ ಠಾಣೆಗೆ ಆಳು ಕಳಿಸಿದ್ದರು: ಸೋಮವಾರ ಕಾರನ್ನು ಹೂವಿನಿಂದ ಸಿಂಗರಿಸಿ ಬಾಡಿಗೆಯಿಲ್ಲದೆ ಕಳಿಸುತ್ತೇನೆ, ಮಾತು ಇಲ್ಲಿಗೆ ಮುಗಿಯಲಿ. ಫೌಜದಾರರು ಆ ಮಾತನ್ನು ಮಾಸ್ತರನಿಗೆ ಮುಟ್ಟಿಸಿದರು. ಇನ್ನೊಂದು ದಾರಿಯನ್ನೂ ಹೇಳಿದರು. 1955ರ ಅಸ್ಪೃಶ್ಯತಾ ಅಪರಾಧಗಳ ಕಾಯ್ದೆಯಿದೆ. ಜನರಿಗೆ ಬಾಡಿಗೆಗೆ ಬಿಡುವ ಗಾಡಿಯನ್ನು ಜಾತಿ ನೋಡಿ ಇಲ್ಲವೆಂದರೆ ಅದರಲ್ಲಿ ಗುನ್ನೆ. ಆದರೆ ಆ ಗುನ್ನೆ ದಾಖಲಾದರೆ ಕಾರು ಮುದ್ದೆಮಾಲು, ಅಂದರೆ ಜಪ್ತಿಯಾದ ಪುರಾವೆ. ಸೋಮವಾರ ಅದು ಠಾಣೆಯ ಅಂಗಳದಲ್ಲಿರುತ್ತದೆ, ಅಗಸಿಯಲ್ಲಿ ಇರುವುದಿಲ್ಲ.

"ನೀವ ಹೇಳ್ರಿ ಮಾಸ್ತರ್ರ," ಎಂದರು. ನಿನ್ನೆಯವರೆಗೆ ಬಾಯಲ್ಲಿದ್ದ ನೀನು ಅಲ್ಲಿ ಇರಲಿಲ್ಲ.

ಯಂಕಪ್ಪ ಮಗಳ ಕಡೆ ನೋಡಿದ. ಸುಂದರವ್ವ ಹಿಟ್ಟು ನಾದುತ್ತಿದ್ದವಳು ಕೈ ನಿಲ್ಲಿಸದೆ, ಆ ಕಾರು ತನಗೆ ಬೇಡ ಎಂದಳು. ತಂದೆಯನ್ನು ಹಗ್ಗ ಕಟ್ಟಿ ಒಯ್ದ ದಾರಿಯಲ್ಲೇ ನಡೆದು ಬರುತ್ತೇನೆ, ವರನೂ ನಡೆಯಲಿ ಎಂದಳು.

"ಕಾರು ಕೇಳಿದ್ದೆನ್ರಿ," ಎಂದ ಯಂಕಪ್ಪ. "ಈಗ ಕಾಗದಾ ಕೇಳಾಕತ್ತೇನಿ. ಬರಕೊಳ್ರಿ."

ಫೌಜದಾರರು ಬೆನ್ನ ಹಿಂದೆ ಕೈ ಕಟ್ಟಿ ಇನ್ನೂ ನಿಂತಿದ್ದರು. ನಿನ್ನೆಯ ಬಗ್ಗೆ ಏನೋ ಹೇಳಬೇಕಿತ್ತು. ನಾಲ್ಕು ತಾಲೂಕಿನ ಕಳ್ಳರನ್ನು ಓಡಿಸಿದ ಕೆಮ್ಮನ್ನೊಮ್ಮೆ ಕೆಮ್ಮಿದರು. ಕೆಳಗೆ ಬಿದ್ದಿದ್ದ ಒಂದು ಗಳವನ್ನೆತ್ತಿ ಗುಣಿಯಲ್ಲಿ ನಿಲ್ಲಿಸಿ ಹಿಡಿದರು. ಯಂಕಪ್ಪ ಬೇಡವೆನ್ನಲಿಲ್ಲ, ಕೂತುಕೊಳ್ಳಿರಿ ಎಂದೂ ಹೇಳಲಿಲ್ಲ. ಕಲ್ಲು ತಂದು ಬುಡಕ್ಕೆ ಬಡಿದ.

ಗುನ್ನೆ ನಂಬರ 34/74 ಅದೇ ದಿನ 11.30ಕ್ಕೆ ದಾಖಲಾಯಿತು. ಅಮೀನುದ್ದೀನನ ಮತ್ತು ಪಂಚರ ಹೇಳಿಕೆಗಳನ್ನು ಶನಿವಾರ ಪೂರಾ ಬರೆದುಕೊಂಡರು. ಈ ಸಲ ಯಾರ ಮಾತನ್ನೂ ನಡುವೆ ತಡೆಯಲಿಲ್ಲ. ಇಸಾಕನಿಗೆ ಎರಡು ದಸ್ತು ಕಾಗದ ಬೇಕಾಯಿತು.

ಮೇ 5, ಭಾನುವಾರ ಬೆಳಿಗ್ಗೆ 11.15ಕ್ಕೆ ಬಸಂತರಾಯ ದೇಸಾಯರನ್ನು ವಾಡೆಯಲ್ಲಿ ಬಂಧಿಸಲಾಯಿತು. ಅವರು ಒಗೆದ ಧೋತರ ಉಟ್ಟು ಕಾಯುತ್ತಿದ್ದರು. ಹೊಸ್ತಿಲು ದಾಟುವಾಗ ಒಂದೇ ಮಾತು ಕೇಳಿಕೊಂಡರು.

"ಫೌಜದಾರರ, ಅಗಸಿ ದಾರಿ ಬ್ಯಾಡ್ರಿ. ಊರು ನೋಡತೈತಿ. ಹಿತ್ತಲ ದಾರಿಲೆ ಹೋಗೂಣು."

ಫೌಜದಾರರು ಹಿತ್ತಲ ಕಡೆ ತಿರುಗಿದರು. ಆ ದಾರಿ ಯಂಕಪ್ಪನ ಓಣಿಯೊಳಗಿಂದಲೇ ಹೋಗುತ್ತಿತ್ತು. ಹಂದರ ಏರಿತ್ತು. ಅದರ ಕೆಳಗೆ ಯಲ್ಲವ್ವ ಮತ್ತು ಹತ್ತು ಹನ್ನೆರಡು ಹೆಂಗಸರು ಗೋದಿ ಹಸನು ಮಾಡುತ್ತ ಕೂತಿದ್ದರು. ದೇಸಾಯರು ಬರುವುದು ಕಂಡದ್ದೇ ತಡ, ಎಲ್ಲರೂ ಎದ್ದು ಸೆರಗು ತಲೆಯ ಮೇಲೆ ಎಳೆದುಕೊಂಡು, ಮೊರಗಳನ್ನು ಸರಿಸಿ, ಗೋಡೆಗೆ ಹತ್ತಿ ದಾರಿ ಬಿಟ್ಟರು. ಅವರು ಯಾವ ಸ್ಥಿತಿಯಲ್ಲಿ ಬರುತ್ತಿದ್ದಾರೆಂದು ಎಲ್ಲರಿಗೂ ಗೊತ್ತಿತ್ತು. ಆದರೂ ಮೈ ತಾನೇ ಎದ್ದಿತ್ತು.

ದೇಸಾಯರ ಕಾಲು ನಿಂತವು.

ಯಂಕಪ್ಪ ಒಳಗಿನಿಂದ ಬಂದ. ದೇಸಾಯರನ್ನು ನೋಡಿದ, ಗೋಡೆಗೆ ನಿಂತ ಹೆಂಗಸರನ್ನು ನೋಡಿದ.

"ಕೂಡ್ರವಾ," ಎಂದ ಹೆಂಗಸರಿಗೆ. "ನಿಮ್ಮ ಕೆಲಸಾ ಮಾಡ್ರಿ."

ಒಬ್ಬೊಬ್ಬರಾಗಿ ಕೂತರು. ಮೊರದ ಸದ್ದು ಮತ್ತೆ ಶುರುವಾಯಿತು. ದೇಸಾಯರು ಅವರ ನಡುವಿನಿಂದ ತಲೆ ತಗ್ಗಿಸಿ ದಾಟಿಹೋದರು.

ಮರುದಿನ ಬುದ್ಧ ಪೂರ್ಣಿಮೆ. ಸೊಲ್ಲಾಪುರದ ಕಡೆಯ ವರ ಲಚ್ಯಾಣದ ಸ್ಟೇಷನ್ನಿನಲ್ಲಿ ರೈಲು ಇಳಿದು ಬಂದ. ಸುಂದರವ್ವನ ಮೆರವಣಿಗೆ ಅಗಸಿಯೊಳಗಿಂದ ಕಾಲ್ನಡಿಗೆಯಲ್ಲಿ ಬಂತು. ಕೆಲವು ಬಾಗಿಲುಗಳು ಮುಚ್ಚಿದ್ದವು, ಕೆಲವು ತೆರೆದಿದ್ದವು. ಫೌಜದಾರರು 8ರಿಂದ 11ರ ತನಕ ಅಗಸಿಯ ಹತ್ತಿರ ಬಂದೋಬಸ್ತಿಗೆ ನಿಂತಿದ್ದರು. ಯಾರೂ ಅವರನ್ನು ಊಟಕ್ಕೆ ಕರೆಯಲಿಲ್ಲ.

ಠಾಣೆಗೆ ಬಂದು ಅವರು ಕೇಸ್ ಡೈರಿ ತಾವೇ ಬರೆದರು. ಗುರುವಾರ ಬೆಳಿಗ್ಗೆ 9.30ರಿಂದ ಮಧ್ಯಾಹ್ನ 3.30ರ ತನಕ ನಿರಪರಾಧಿಯೊಬ್ಬನನ್ನು ಹಿಡಿದಿಟ್ಟದ್ದು, ನೆಲದ ಮೇಲೆ ಕೂರಿಸಿದ್ದು, ಹಗ್ಗ ಕಟ್ಟಿದ್ದು, ಎಲ್ಲವನ್ನೂ ತಮ್ಮ ಹೆಸರಿನ ಮುಂದೆ ಬರೆದರು. ಆಮೇಲೆ ಆರೋಪಿಯ ಉದ್ದೇಶ. ಹಳ್ಳದ ಬದಿಯಲ್ಲಿ ನಡೆಯುತ್ತ ದೇಸಾಯರು ಯಾರೂ ಕೇಳದೆಯೇ ಹೇಳಿದ್ದರು: ಹೊಲಗಳು ಉಳುವವನಿಗೇ ಭೂಮಿ ಎಂಬ ಹೊಸ ಕಾಯ್ದೆಗೆ ಹೋಗುತ್ತಿವೆ, ಈಗ ಜನ ವಾಡೆಯ ಬಾಗಿಲಿಗೆ ಬರುವುದು ಆ ಕಾರಿಗಾಗಿ ಮಾತ್ರ, ಆ ಓಣಿಯ ವರ ಅದರಲ್ಲಿ ಕೂತರೆ ಉಳಿದವರು ಬರುವುದು ನಿಲ್ಲುತ್ತದೆ. ಮುಂದಿನದನ್ನು ಫೌಜದಾರರು ಅವರ ಮಾತಿನಲ್ಲೇ ಬರೆದರು.

"ಮಾಸ್ತರ್ರು ಎದುರು ನಿಂತು ಕೇಳಿದ್ರು. ಇಲ್ಲ ಅನ್ನಾಕ ನಾಚಿಕಿ ಬಂತು. ಹೂಂ ಅನ್ನಾಕ ಅಂಜಿಕಿ ಬಂತು. ಸಾಮಾನು ಕಳದೈತಿ ಅಂದೆ. ಅವರು ಹುಡುಕಾಕ ಹೋಗ್ತಾರಂತ ನನಗೇನ ಗೊತ್ತಿತ್ತು."